ಪೈಪ್‌ಲೈನೋ, ಈವೆಂಟೋ? ಆರಿಸುವುದು ಹೇಗೆ

ಮಂಡ್ಯ ಜಿಲ್ಲೆಯ ಹಾಲು ಉತ್ಪಾದಕರ ಸಂಘಗಳಿಗೆ ಒಂದು ಸಾಫ್ಟ್‌ವೇರ್ ಬರೆಯಬೇಕು ಎಂದಿಟ್ಟುಕೊಳ್ಳಿ. ಬೆಳಿಗ್ಗೆ, ಸಂಜೆ ಹಾಲು ಅಳೆಯುತ್ತಾರೆ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ದರ ಹಾಕುತ್ತಾರೆ. ಆಮೇಲೆ ಬಟವಾಡೆ. ಇಂಥ ಕೆಲಸಕ್ಕೆ ಮೊದಲ ದಿನವೇ ಕಾಫ್ಕಾ (ಪ್ರೋಗ್ರಾಂಗಳ ನಡುವೆ ಈವೆಂಟ್, ಅಂದರೆ ಘಟನೆಗಳ ಸಂದೇಶ ಸಾಗಿಸುವ ತಂತ್ರಾಂಶ) ತಂದು ಕೂರಿಸುವ ಉತ್ಸಾಹ ನಮ್ಮ ಯುವ ಎಂಜಿನಿಯರುಗಳಲ್ಲಿದೆ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಮುಕ್ತ ತಂತ್ರಾಂಶವಾದ ಕಾಫ್ಕಾ ಸಮರ್ಥವಾದದ್ದೇ. ಆದರೆ ಕೆಲಸದ ಗುಣ ನೋಡದೆ ಅದನ್ನು ಆರಿಸಬೇಡಿ.

ಮೊದಲ ಹೆಜ್ಜೆ: ಮಾಹಿತಿ ಯಾವಾಗ ಬರುತ್ತದೆ, ಅದರ ಫಲ ಯಾರಿಗೆ ಎಷ್ಟು ಬೇಗ ಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬಟವಾಡೆ ದಿನ ಎಲ್ಲ ಅಂಕಿ ಕೈಯಲ್ಲೇ ಇರುತ್ತದೆ. ಓದು, ಪರಿಶೀಲಿಸು, ದರ ಹಾಕು, ಪಶು ಆಹಾರದ ಬಾಕಿ ಕಳೆ, ಬ್ಯಾಂಕಿಗೆ ಫೈಲ್ ಸಿದ್ಧಪಡಿಸು: ಹಂತಗಳು ಖಚಿತ. ಹೀಗೆ ಒಂದರ ಫಲ ಮುಂದಿನದಕ್ಕೆ ಹೋಗುವ ಹಂತಗಳ ಸಾಲೇ ಪೈಪ್‌ಲೈನ್. ಒಂದು ಸಂಘದ ಲೆಕ್ಕ ಇನ್ನೊಂದನ್ನು ಮುಟ್ಟುವುದಿಲ್ಲ. ಸಂಘಗಳನ್ನು ಹಂಚಿ ಏಕಕಾಲಕ್ಕೆ ಓಡಿಸುವ ಸಮಾನಾಂತರ ಪೈಪ್‌ಲೈನ್ ಇಲ್ಲಿ ಸಾಕು. ನಡುವೆ ಕೆಟ್ಟರೆ ಕೆಟ್ಟ ಹಂತದಿಂದಲೇ ಮತ್ತೆ ಓಡಿಸಬಹುದು.

ಎರಡನೆಯದು, ಪ್ರತಿ ಹಂತದ ಸಮಯ ಅಳೆಯಿರಿ. ಅತಿ ನಿಧಾನದ ಹಂತವೇ ಇಡೀ ಪೈಪ್‌ಲೈನಿನ ವೇಗ ನಿರ್ಧರಿಸುತ್ತದೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್ಡಾಲ್ 1967ರಲ್ಲಿ ಮುಂದಿಟ್ಟ ನಿಯಮದಂತೆ, ಕೆಲಸದ ಶೇ 10ರಷ್ಟು ಭಾಗವನ್ನು ಹಂಚಲಾಗದಿದ್ದರೆ ಎಷ್ಟು ಸರ್ವರ್ ಸೇರಿಸಿದರೂ ವೇಗ 10 ಪಟ್ಟು ದಾಟದು.

ಹಾಲು ಅಳೆದ ಕ್ಷಣದ ಕಥೆ ಬೇರೆ. ರೈತರ ಮೊಬೈಲಿಗೆ ಎಸ್‌ಎಂಎಸ್ ಹೋಗಬೇಕು, ಕೂಲರ್‌ನ ದಾಸ್ತಾನು ಏರಬೇಕು, ಫ್ಯಾಟ್ ದಿಢೀರ್ ಕುಸಿದಿದ್ದರೆ ಎಚ್ಚರಿಕೆ ಹೊರಡಬೇಕು. ಒಂದು ಘಟನೆಗೆ ಹಲವು ಕಡೆ ಪ್ರತಿಕ್ರಿಯೆ ಬೇಕಾದಾಗ, ನಾಳೆ ಇನ್ನೊಂದು ಸೇರುವ ಸಂಭವವಿದ್ದಾಗ, ಈವೆಂಟ್ ಆಧಾರಿತ ವಿನ್ಯಾಸ ಸರಿ. ತೂಕದ ಪ್ರೋಗ್ರಾಂ ‘ಹಾಲು ಬಂತು’ ಎಂದು ಸಾರಿದರೆ ಮುಗಿಯಿತು. ಕೇಳಿಸಿಕೊಳ್ಳುವವರು ಯಾರೆಂಬುದು ಅದಕ್ಕೆ ಬೇಡ.

ಹೆಚ್ಚು ಎಚ್ಚರ ಬೇಕಿರುವುದೂ ಇಲ್ಲೇ. ನೆಟ್‌ವರ್ಕ್ ಕಡಿದು ಮತ್ತೆ ಕೂಡಿದಾಗ ಒಂದೇ ಸಂದೇಶ ಎರಡು ಸಲ ಬರಬಹುದು. ಸುಮ್ಮನೆ ಕೂಡಿಸಿದರೆ ರೈತರ ಖಾತೆಗೆ ಎರಡು ಬಾರಿ ಹಣ. ಪ್ರತಿ ಅಳತೆಗೂ ತನ್ನದೇ ಸಂಖ್ಯೆ ಕೊಡಿ, ಅದೇ ಸಂಖ್ಯೆ ಮತ್ತೆ ಬಂದರೆ ಡೇಟಾಬೇಸ್ ನಿರಾಕರಿಸುವಂತೆ ಮಾಡಿ. ಕ್ರಮವೂ ತಪ್ಪಬಹುದು: ಮೂಲ ನಮೂದಿಗಿಂತ ಮೊದಲೇ ಅದರ ತಿದ್ದುಪಡಿ ತಲುಪೀತು. ಕಾಫ್ಕಾ ಸಂದೇಶಗಳನ್ನು ಪಾರ್ಟಿಷನ್ ಎಂಬ ಹಲವು ಸಾಲುಗಳಲ್ಲಿ ಹಂಚಿಡುತ್ತದೆ, ಒಂದು ಪಾರ್ಟಿಷನ್ ಒಳಗೆ ಮಾತ್ರ ಕ್ರಮ ಕಾಯುತ್ತದೆ. ಹಾಗಾಗಿ ಉತ್ಪಾದಕರ ಕೋಡನ್ನೇ ಕೀ (ಸಾಲು ಆರಿಸುವ ಗುರುತು) ಮಾಡಿದರೆ ಒಬ್ಬರ ನಮೂದುಗಳೆಲ್ಲ ಒಂದೇ ಸಾಲಿನಲ್ಲಿ ಸಾಗುತ್ತವೆ. ವಿಫಲವಾದ ಸಂದೇಶಗಳಿಗೆ ಪ್ರತ್ಯೇಕ ಕ್ಯೂ ಇಡಿ. ಅದನ್ನು ದಿನವೂ ಯಾರು ತೆರೆದು ನೋಡಬೇಕೆಂಬುದನ್ನೂ ಗೊತ್ತುಮಾಡಿ.

ನನ್ನ ಸಲಹೆ ಎರಡರ ಕೂಡಿಕೆ: ಅಳತೆ ಈವೆಂಟ್ ಆಗಿ ಬಂದು ಸಂಗ್ರಹವಾಗಲಿ, ಬಟವಾಡೆಯನ್ನು ಪೈಪ್‌ಲೈನ್ ಮಾಡಲಿ. ತಂಡ ಚಿಕ್ಕದಾದರೆ ಮೊದಲಿಗೆ ಡೇಟಾಬೇಸಿನ ಒಂದು ಟೇಬಲ್, ನಿಗದಿತ ವೇಳೆಗೆ ಓಡುವ ಒಂದು ಜಾಬ್ ಸಾಕು.

ಬಳಕೆಗೆ ಬಿಡುವ ಮೊದಲು ಹಿಂದಿನ ಬಟವಾಡೆಯ ದತ್ತಾಂಶ ತೆಗೆದುಕೊಂಡು ಪ್ರತಿ ಸಂದೇಶವನ್ನೂ ಬೇಕೆಂದೇ ಎರಡು ಸಲ, ಕ್ರಮ ಕೆಡಿಸಿ ಕಳಿಸಿ. ಯಾವುದೇ ರೈತರ ಮೊತ್ತದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಬಿಡುಗಡೆ ಮುಂದೂಡಿ.