ತಾಲ್ಲೂಕು ಆಸ್ಪತ್ರೆಗೆ ಇ-ಹಾಸ್ಪಿಟಲ್: ದುಡ್ಡು ಎಲ್ಲಿ ಹಾಕಬೇಕು (ನನ್ನ ಅನುಭವ)

ನೂರು ಹಾಸಿಗೆಯ ಆಸ್ಪತ್ರೆಗೆ ಇ-ಹಾಸ್ಪಿಟಲ್ (ನೋಂದಣಿ, ಲ್ಯಾಬ್ ವರದಿಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ತಂತ್ರಾಂಶ) ತರುವಾಗ ಅಂದಾಜು ಪಟ್ಟಿಯ ಮೊದಲ ಸಾಲಿನಲ್ಲೇ ಕಂಪ್ಯೂಟರ್ ಬಂದು ಕೂರುತ್ತದೆ. ನಾವು ಆ ಸಾಲನ್ನು ಕೊನೆಗೆ ಬರೆದೆವು. ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ರೂಪಿಸಿದ ಈ ತಂತ್ರಾಂಶ ಕ್ಲೌಡ್‌ನಲ್ಲಿ ಓಡುತ್ತದೆ, ಸರ್ವರ್ ಕೊಳ್ಳುವ ಅಗತ್ಯವಿಲ್ಲ. ಕೆಲಸ ನಿಲ್ಲುವುದು ಕರೆಂಟು, ಕೇಬಲ್, ಕಾಗದ ಮತ್ತು ಯಂತ್ರಗಳ ನಡುವಿನ ಜೋಡಣೆಯಲ್ಲಿ. ದುಡ್ಡು ಮೊದಲು ಅಲ್ಲಿಗೆ ಹೋಗಬೇಕು.

ಕೌಂಟರ್ ಎಷ್ಟು ಬೇಕೆಂಬುದು ಸರಳ ಲೆಕ್ಕ. ಹೊಸ ನೋಂದಣಿಗೆ ಒಂದೂವರೆ ನಿಮಿಷ ಹಿಡಿದರೆ ಒಂದು ಕೌಂಟರಿನಲ್ಲಿ ಗಂಟೆಗೆ 40 ಜನ. ಬೆಳಿಗ್ಗೆ 9ರಿಂದ 12ರೊಳಗೆ 400 ಜನ ಬರುವ ಕಡೆ ನಾಲ್ಕು ಕೌಂಟರ್ ಬೇಕು. ಅದರಲ್ಲಿ ಒಂದನ್ನು ಹಿಂದೆ ನೋಂದಣಿಯಾದ ಹಳೆ ನಂಬರ್ ತಂದವರಿಗೇ ಮೀಸಲಿಡಿ, ಅವರ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಸ್ಕ್ಯಾನ್ ಅಂಡ್ ಶೇರ್ (ರೋಗಿ ಫೋನಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ತನ್ನ ವಿವರ ಕಳಿಸುವ ಸೌಲಭ್ಯ) ಇದ್ದರೆ ಹೆಸರು, ವಯಸ್ಸು, ವಿಳಾಸ ತಾವಾಗಿಯೇ ಕೌಂಟರಿಗೆ ಬರುತ್ತವೆ. ಆದರೆ ಕ್ಯೂಆರ್ ಪೋಸ್ಟರ್ ಗೋಡೆಗೆ ಅಂಟಿಸಿದರೆ ಸಾಲದು, ಅದರ ಪಕ್ಕದಲ್ಲಿ ತೋರಿಸಿಕೊಡಲು ಒಬ್ಬರು ನಿಂತಿರಬೇಕು. ಕೀಪ್ಯಾಡ್ ಫೋನಿನ ಅಜ್ಜಿಯರಿಗೆ ಮಾಮೂಲಿ ಸಾಲು ಇದ್ದೇ ಇರಬೇಕು.

ಒಬ್ಬರಿಗೇ ಎರಡು ಮೂರು ನಂಬರ್ ಆಗುವುದು ಹೆಸರಿನಿಂದ. ಇಂಗ್ಲಿಷ್ ಅಕ್ಷರದಲ್ಲಿ ಮಂಜುನಾಥ ಎಂದು ಬರೆಯಲು ನಾಲ್ಕು ದಾರಿಗಳಿವೆ. ಮೊಬೈಲ್ ನಂಬರಿನಿಂದ ಹುಡುಕಿದರೆ ಮನೆ ಮಂದಿಯೆಲ್ಲ ಒಟ್ಟಿಗೆ ಬರುತ್ತಾರೆ. ಹಾಗಾಗಿ ಮೊದಲು 14 ಅಂಕಿಯ ಆಭಾ ಸಂಖ್ಯೆ (ಅದೇ ಡಿಜಿಟಲ್ ಮಿಷನ್‌ನ ಆರೋಗ್ಯ ಗುರುತಿನ ಸಂಖ್ಯೆ), ಅದಿಲ್ಲದಿದ್ದರೆ ಮೊಬೈಲ್, ನಂತರ ವಯಸ್ಸು ಮತ್ತು ಊರು, ಇದೇ ಕ್ರಮದಲ್ಲಿ ಹುಡುಕಬೇಕೆಂದು ಕೌಂಟರಿನಲ್ಲಿ ಬರೆದು ಅಂಟಿಸಿ.

ಓಪಿಡಿ ಚೀಟಿಗೆ ಥರ್ಮಲ್ ಕಾಗದ (ಶಾಯಿಯಿಲ್ಲದೆ ಬಿಸಿಯಿಂದ ಅಕ್ಷರ ಮೂಡುವಂಥದ್ದು) ಬೇಡ. ಬಿಸಿಲಿಗೂ ಪ್ಲಾಸ್ಟಿಕ್ ಕವರಿಗೂ ಅಕ್ಷರ ಮಾಸುತ್ತದೆ, ಮೂರು ತಿಂಗಳ ನಂತರ ರೋಗಿ ತರುವುದು ಬಿಳಿ ಕಾಗದ. ಟೋಕನ್ನಿಗೆ ಮಾತ್ರ ಥರ್ಮಲ್ ಬಳಸಿ, ಚೀಟಿ ಲೇಸರ್‌ನಲ್ಲಿ ಮುದ್ರಿಸಿ. ಆದರೆ ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸೇರಿಸಬೇಡಿ. ಅದು ಬಿಸಿಯಾಗುವ ಕ್ಷಣದಲ್ಲಿ ಸಾವಿರ ವ್ಯಾಟ್‌ನಷ್ಟು ಎಳೆಯಬಲ್ಲದು, ಆಗ ಯುಪಿಎಸ್ ಓವರ್‌ಲೋಡ್ ಆಗಿ ನಾಲ್ಕೂ ಕಂಪ್ಯೂಟರ್ ಒಟ್ಟಿಗೆ ಆರುತ್ತವೆ. ಕಂಪ್ಯೂಟರ್, ಸ್ವಿಚ್, ರೌಟರ್ ಸೇರಿ 700 ವ್ಯಾಟ್ ಎಂದುಕೊಳ್ಳಿ. 2 ಕೆವಿಎ ಆನ್‌ಲೈನ್ ಯುಪಿಎಸ್‌ಗೆ 12 ವೋಲ್ಟ್, 42 ಎಎಚ್‌ನ ಆರು ಬ್ಯಾಟರಿ ಹಾಕಿದರೆ ಲೆಕ್ಕದಲ್ಲಿ 3024 ವ್ಯಾಟ್-ಅವರ್. ಅದರಲ್ಲಿ ಶೇ 60 ಕೈಗೆ ಸಿಕ್ಕಿದರೂ ಎರಡೂವರೆ ಗಂಟೆ ನಡೆಯುತ್ತದೆ. ಜೋಡಿಸುವ ಮೊದಲು ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಯಿರಿ. 3 ವೋಲ್ಟ್ ದಾಟಿದರೆ ಮೊದಲು ಅರ್ಥಿಂಗ್ ಸರಿಮಾಡಿಸಿ.

ಲ್ಯಾಬ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ತಪ್ಪು ನಡೆಯುವುದೂ ಅಲ್ಲೇ. ಬಾರ್‌ಕೋಡ್ ಲೇಬಲನ್ನು ರಕ್ತದ ಟ್ಯೂಬಿಗೆ ಅಡ್ಡಲಾಗಿ ಸುತ್ತಿದರೆ ಗೆರೆಗಳು ಬಾಗಿ ಸ್ಕ್ಯಾನರ್ ಓದುವುದಿಲ್ಲ. ಟ್ಯೂಬನ್ನು ನೆಟ್ಟಗೆ ಹಿಡಿದಾಗ ಗೆರೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಕಾಣಬೇಕು, ಅಂದರೆ ಲೇಬಲ್ಲಿನ ಉದ್ದ ಟ್ಯೂಬಿನ ಉದ್ದಕ್ಕೇ ಇರಬೇಕು. ರಕ್ತದ ಮಟ್ಟ ಕಾಣುವಂತೆ ಒಂದು ಕಡೆ ಗಾಜು ಬಿಡಿ. 50×25 ಮಿಮೀ ಲೇಬಲ್ 13×75 ಮಿಮೀ ಟ್ಯೂಬಿಗೆ ಸರಿಯಾಗುತ್ತದೆ. ಸ್ಪಿರಿಟ್ ತಾಗಿದರೆ ಥರ್ಮಲ್ ಲೇಬಲ್ ಕೆಡುತ್ತದೆ, ಆದ್ದರಿಂದ ರಿಬ್ಬನ್ ಇರುವ ಪ್ರಿಂಟರ್ ಕೊಳ್ಳಿ.

ರಕ್ತ ಪರೀಕ್ಷಿಸುವ ಯಂತ್ರ, ಅಂದರೆ ಅನಲೈಸರ್‌ನಿಂದ ಫಲಿತಾಂಶ ನೇರವಾಗಿ ತಂತ್ರಾಂಶಕ್ಕೆ ಬರದಿದ್ದರೆ ಟೆಕ್ನಿಷಿಯನ್ ಅಂಕಿಗಳನ್ನು ನೋಡಿ ನೋಡಿ ಟೈಪ್ ಮಾಡಬೇಕಾಗುತ್ತದೆ. ಆಗ 1.2 ಇದ್ದ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ಅಂಶ) 12 ಆಗಲು ಒಂದು ಚುಕ್ಕಿ ತಪ್ಪಿದರೆ ಸಾಕು. ಯಂತ್ರದಲ್ಲಿ ಪೋರ್ಟ್ ಇರುತ್ತದೆ, ಅದರ ಸಂವಹನ ದಾಖಲೆ ಮಾತ್ರ ಸಿಗುವುದಿಲ್ಲ. ಟೆಂಡರಿನಲ್ಲೇ ಹೀಗೆ ಬರೆಯಿರಿ (ಎಎಸ್‌ಟಿಎಂ, ಎಚ್‌ಎಲ್‌7 ಎಂದರೆ ಯಂತ್ರವೂ ತಂತ್ರಾಂಶವೂ ಮಾಹಿತಿ ಹಂಚಿಕೊಳ್ಳುವ ನಿಗದಿತ ಮಾದರಿಗಳು): "ಎಎಸ್‌ಟಿಎಂ ಅಥವಾ ಎಚ್‌ಎಲ್‌7 ದಾಖಲೆ, ಕೇಬಲ್ ಮತ್ತು ಜೋಡಣೆ, ಹೆಚ್ಚುವರಿ ದರವಿಲ್ಲದೆ." ಎಕ್ಸ್‌ರೇಗೂ ಹಾಗೆಯೇ, ಡೈಕಾಮ್ ವರ್ಕ್‌ಲಿಸ್ಟ್ (ರೋಗಿಗಳ ಪಟ್ಟಿ ತಾನಾಗಿಯೇ ಯಂತ್ರಕ್ಕೆ ಬರುವ ವ್ಯವಸ್ಥೆ) ಲೈಸೆನ್ಸ್ ಸೇರಿದೆಯೇ ಎಂದು ಕೇಳಿ. ಸೇರಿಲ್ಲದಿದ್ದರೆ ರೋಗಿಯ ಹೆಸರನ್ನು ಅಲ್ಲೂ ಮತ್ತೊಮ್ಮೆ ಟೈಪ್ ಮಾಡಬೇಕು. ಅನಲೈಸರನ್ನು ಕಂಪ್ಯೂಟರಿಗೆ ಜೋಡಿಸುವ ಸೀರಿಯಲ್ ಕೇಬಲ್ 15 ಮೀಟರ್ ದಾಟಬಾರದು. ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬಂದರೆ ಮೊದಲು ಬಾಡ್ ರೇಟ್ (ಮಾಹಿತಿ ಹರಿಯುವ ವೇಗ), ಪ್ಯಾರಿಟಿ (ತಪ್ಪು ಪತ್ತೆಯ ಸೆಟ್ಟಿಂಗ್) ಎರಡೂ ಕಡೆ ಒಂದೇ ಇವೆಯೇ ನೋಡಿ.

ಖರೀದಿಯಲ್ಲಿ ಯಂತ್ರದ ಬೆಲೆಯೊಂದನ್ನೇ ಹೋಲಿಸಬೇಡಿ. ವಾರಂಟಿ ಮುಗಿದ ಮೇಲಿನ ಐದು ವರ್ಷದ ಸಿಎಂಸಿ (ಬಿಡಿಭಾಗವೂ ಸೇರಿದ ನಿರ್ವಹಣಾ ಒಪ್ಪಂದ) ದರವನ್ನೂ ಕೂಡಿಸಿ ಎಲ್-1, ಅಂದರೆ ಅತಿ ಕಡಿಮೆ ದರದವರನ್ನು ನಿರ್ಧರಿಸಬೇಕು, ಆ ಷರತ್ತು ಟೆಂಡರಿನಲ್ಲೇ ಇರಬೇಕು. ವಾರಂಟಿ ಶುರುವಾಗಬೇಕಾದದ್ದು ಯಂತ್ರ ಚಾಲೂ ಆದ ದಿನದಿಂದ. ಸರಬರಾಜಿನ ದಿನದಿಂದ ಎಂದಿದ್ದರೆ ಕೊಠಡಿ ಸಿದ್ಧವಾಗುವ ತನಕ ಪೆಟ್ಟಿಗೆಯೊಳಗೇ ವಾರಂಟಿ ಸವೆಯುತ್ತದೆ.

ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಿ. ಒಂದೇ ಪಾಸ್‌ವರ್ಡನ್ನು ಮಾನಿಟರಿಗೆ ಅಂಟಿಸಿದರೆ ಯಾರ ವರದಿಯನ್ನು ಯಾರು ತೆರೆದರೆಂದು ಪತ್ತೆಯಾಗುವುದಿಲ್ಲ. ಎಚ್‌ಐವಿ ವರದಿಯೂ ಅದೇ ಪರದೆಯಲ್ಲಿ ಕಂಡೀತು ಎಂಬುದನ್ನು ಸಿಬ್ಬಂದಿಗೆ ಬಿಡಿಸಿ ಹೇಳಬೇಕು.

ಇಂಟರ್ನೆಟ್ ಎರಡು ಕಂಪನಿಯದಿರಲಿ, ಒಂದು ಫೈಬರ್, ಒಂದು 4ಜಿ. ಎರಡೂ ಹೋದಾಗ ಬಳಸಲು ಮೊದಲೇ ನಂಬರ್ ಅಚ್ಚಾದ, ಕಾರ್ಬನ್ ಹಾಕಿದ ಚೀಟಿ ಪುಸ್ತಕವನ್ನು ಪ್ರತಿ ಕೌಂಟರಿನ ಡ್ರಾಯರಿನಲ್ಲಿಡಿ. ಲ್ಯಾಬ್ ಟ್ಯೂಬಿನ ಮೇಲೂ ಅದೇ ನಂಬರ್ ಬರೆಯಬೇಕು. ನೆಟ್ ಬಂದ ಕೂಡಲೇ, ಅದೇ ದಿನ ಸಂಜೆಯೊಳಗೆ, ಆ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸಿ ಒಂದೊಂದಕ್ಕೂ ಟಿಕ್ ಹಾಕಿ. ಮರುದಿನಕ್ಕೆ ಬಿಟ್ಟರೆ ಫಲಿತಾಂಶ ಸಿದ್ಧವಿದ್ದರೂ ಅದನ್ನು ಸೇರಿಸಲು ರೋಗಿಯ ನಂಬರೇ ಇರುವುದಿಲ್ಲ.