ನಾಟಿ ಹುಂಜದ ಗರಿಯಿಂದ ಫ್ಲೈ ಕಟ್ಟುವ ವಿಧಾನ

ಫ್ಲೈ ಮೀನುಗಾರಿಕೆಯಲ್ಲಿ ಗಾಳಕ್ಕೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಚುಚ್ಚುವುದಿಲ್ಲ. ಗರಿ, ಉಣ್ಣೆ ಮತ್ತು ದಾರವನ್ನು ಕೊಕ್ಕೆಯ ಮೇಲೆ ಸುತ್ತಿ ಕಟ್ಟಿ, ನೀರಿನ ಹುಳು ಅಥವಾ ಮರಿಮೀನು ಎಂಬ ಭ್ರಮೆಯನ್ನು ಮೀನಿಗೆ ಉಂಟುಮಾಡಲಾಗುತ್ತದೆ. ಹೀಗೆ ಕಟ್ಟಿದ ಕೃತಕ ಹುಳುವೇ ಫ್ಲೈ. ಹೊರಗಿನಿಂದ ತರಿಸಿದ ಫ್ಲೈಗಳಲ್ಲಿ ಅನೇಕವು ತಣ್ಣೀರಿನ ಟ್ರೌಟ್ ಮೀನಿಗಾಗಿ ಸಣ್ಣ, ತೆಳುವಾದ ಕೊಕ್ಕೆಯ ಮೇಲೆ ಕಟ್ಟಿದವು. ಹೇಮಾವತಿ, ಭದ್ರಾ ನದಿಗಳ ಮಹಶೀರ್ ಗಂಟಲಿನ ಹಲ್ಲುಗಳಿಂದ ಗಟ್ಟಿ ಆಹಾರವನ್ನೂ ಅರೆಯಬಲ್ಲ ಮೀನಾದುದರಿಂದ ಅಂತಹ ಕೊಕ್ಕೆ ಅದರ ಮುಂದೆ ನಿಲ್ಲಲಾರದು. ನಮ್ಮ ಭಾಗದ ಹವ್ಯಾಸಿಗಳು ತಮ್ಮ ಫ್ಲೈಯನ್ನು ತಾವೇ ಕಟ್ಟಿಕೊಳ್ಳಬೇಕೆನ್ನಲು ಇದೇ ಮುಖ್ಯ ಕಾರಣ.

ಮೊದಲು ಕಲಿಯಬೇಕಾದ ಮಾದರಿ ವುಲ್ಲಿ ಬಗರ್. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ ಇದನ್ನು ರೂಪಿಸಿದರೆಂದು ಪ್ರತೀತಿ. ಇದು ಯಾವುದೇ ಒಂದು ಜೀವಿಯ ನಿಖರ ನಕಲಲ್ಲ. ಎಳೆಯುವ ರೀತಿಗೆ ತಕ್ಕಂತೆ ಜಿಗಣೆಯಾಗಿ, ಸೀಗಡಿಯಾಗಿ, ಏರೋಪ್ಲೇನ್ ಚಿಟ್ಟೆಯ ನೀರುಮರಿಯಾಗಿ ತೋರುತ್ತದೆ.

ಈ ಕೆಲಸದಲ್ಲಿ ಗರಿಯ ಆಯ್ಕೆಗಿಂತ ದೊಡ್ಡ ವಿಷಯವಿಲ್ಲ. ಕಾಫಿ ತೋಟಗಳ ಅಂಚಿನಲ್ಲಿ ಕೂಗುವ ಬೂದು ಕಾಡುಕೋಳಿಯ ಕತ್ತಿನ ಗರಿಗೆ, ಅದರ ಮೇಲಿನ ಮೇಣದಂತೆ ಹೊಳೆಯುವ ಚುಕ್ಕೆಗಳಿಗಾಗಿ, ಯುರೋಪಿನ ಸಾಲ್ಮನ್ ಫ್ಲೈ ಕಟ್ಟುವವರಲ್ಲಿ ಬಹುಕಾಲ ಅಪಾರ ಬೇಡಿಕೆಯಿತ್ತು. ಈಗ ಆ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದರ ಗರಿಯ ಆಸೆಯನ್ನು ಯಾರೂ ಇಟ್ಟುಕೊಳ್ಳಬಾರದು. ಮನೆಯ ನಾಟಿ ಹುಂಜದ ಕತ್ತಿನ ಗರಿಯೇ ಇದಕ್ಕೆ ಧಾರಾಳವಾಗಿ ಸಾಕು. ಗರಿಯನ್ನು ಬಾಗಿಸಿದಾಗ ಸೆಟೆದು ನಿಲ್ಲುವ ಎಳೆಗಳು ಕೊಕ್ಕೆಯ ಬಾಯಿಯಗಲದ (ಮೊನೆಗೂ ನೇರ ಕಾಂಡಕ್ಕೂ ನಡುವಿನ ಅಂತರದ) ಒಂದೂವರೆ ಪಟ್ಟಿನಷ್ಟು ಉದ್ದವಿದ್ದರೆ ಅದು ಸರಿಯಾದ ಗರಿ. ಅದನ್ನು ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ನುಸಿಗುಳಿಗೆಯೊಡನೆ ಮುಚ್ಚಿದ ಡಬ್ಬಿಯಲ್ಲಿಡಬೇಕು.

ಉಳಿದ ಸಾಮಗ್ರಿ ಸರಳ: 6 ಅಥವಾ 8ನೇ ಅಳತೆಯ ದಪ್ಪ ಕಂಬಿಯ ಉದ್ದ ಕೊಕ್ಕೆ, ಅದನ್ನು ಕಚ್ಚಿ ಹಿಡಿಯುವ ಸಣ್ಣ ವೈಸ್, ತೆಳುವಾದ ಗಟ್ಟಿ ಪಾಲಿಯೆಸ್ಟರ್ ದಾರ, ಕಪ್ಪು ಅಥವಾ ಪಾಚಿ ಬಣ್ಣದ ಉಣ್ಣೆ, ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಸಣ್ಣ ತಾಮ್ರದ ತಂತಿ.

ಮೊದಲು ಕೊಕ್ಕೆಯ ಮೊನೆಯ ಬಳಿಯಿರುವ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ. ಮೀನನ್ನು ಹೆಚ್ಚು ಗಾಯವಿಲ್ಲದೆ ಬಿಡಲು ಅದರಿಂದ ಸಾಧ್ಯವಾಗುತ್ತದೆ. ಕೊಕ್ಕೆಯ ಕಣ್ಣಿನ (ಗಾಳದ ದಾರ ಪೋಣಿಸುವ ತೂತಿನ) ಹಿಂದಿನಿಂದ ಬಾಗಿನವರೆಗೆ ದಾರವನ್ನು ಒತ್ತಾಗಿ ಸುತ್ತಿ. ಕಣ್ಣಿನ ಹಿಂದೆ ಎರಡು ಕಣ್ಣಿನಷ್ಟು ಜಾಗವನ್ನು ಕೊನೆಯವರೆಗೂ ಖಾಲಿ ಬಿಡುವುದನ್ನು ಮರೆಯಬೇಡಿ. ಹೊಸಬರು ಕಟ್ಟಿದ ಫ್ಲೈ ಕೆಡುವುದು ಹೆಚ್ಚಾಗಿ ಇಲ್ಲಿಯೇ, ತಲೆ ಕಟ್ಟಲು ಜಾಗವುಳಿಯದೆ. ಬಾಗಿನಲ್ಲಿ ಕೊಕ್ಕೆಯ ಕಾಂಡದಷ್ಟೇ ಉದ್ದದ ಮೆತ್ತನೆಯ ತುಪ್ಪಳಗರಿಯನ್ನು ಬಾಲವಾಗಿ ಕಟ್ಟಿ. ಅಲ್ಲಿಯೇ ತಂತಿ ಮತ್ತು ಉಣ್ಣೆಯ ತುದಿಗಳನ್ನು ಸೇರಿಸಿ ಬಿಗಿದು, ದಾರವನ್ನು ಮುಂದಕ್ಕೆ ತಂದು, ಉಣ್ಣೆಯನ್ನು ತಲೆಯ ಜಾಗದವರೆಗೆ ಸುತ್ತಿ ದಾರದಿಂದ ಕಟ್ಟಿ, ಉಳಿದುದನ್ನು ಕತ್ತರಿಸಿ.

ಈಗ ಹುಂಜದ ಗರಿ. ಬುಡದ ನಯವಾದ ತುಪ್ಪಳವನ್ನು ಕಿತ್ತು, ಬುಡವನ್ನು ತಲೆಯ ಕಡೆ ಕಟ್ಟಿ, ಐದಾರು ಬಿಡಿ ಸುತ್ತುಗಳಲ್ಲಿ ಬಾಲದ ಕಡೆಗೆ ಸಾಗಿಸಿ. ಬಾಗಿನಲ್ಲಿ ಕಾದಿರುವ ತಂತಿಯನ್ನು ಎರಡು ಬಾರಿ ಗರಿಯ ತುದಿಯ ಮೇಲೆ ಸುತ್ತಿ, ಬಳಿಕ ಗರಿ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ, ಎಳೆಗಳು ಮಡಚದಂತೆ ಅಲುಗಾಡಿಸುತ್ತಾ ಮುಂದಕ್ಕೆ ತನ್ನಿ. ಅಡ್ಡಹಾಯುವ ಈ ತಂತಿಯೇ ಮೀನಿನ ಹಲ್ಲು ತಾಗಿದರೂ ಗರಿಯ ಕಡ್ಡಿ ಬಿಚ್ಚಿಹೋಗದಂತೆ ಕಾಪಾಡುತ್ತದೆ. ಈ ಹೆಜ್ಜೆಯನ್ನು ಬಿಟ್ಟ ಫ್ಲೈ ಒಂದೇ ಮೀನಿಗೆ ಬಿಚ್ಚಿಹೋಗಬಹುದು. ಕೊನೆಗೆ ದಾರದಿಂದ ಸಣ್ಣ ತಲೆ ಕಟ್ಟಿ, ದಾರದ ಕುಣಿಕೆಯನ್ನು ಅದೇ ದಾರದ ಮೇಲೆ ನಾಲ್ಕೈದು ಸಲ ಸುತ್ತಿ ಎಳೆದು ಬಿಗಿದು, ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ.

ನದಿಗೆ ಒಯ್ಯುವ ಮೊದಲು ಬಕೆಟ್ ನೀರಿನಲ್ಲಿ ಎಳೆದು ನೋಡಿ. ಬಾಲ ಅಲುಗದೆ ಕಡ್ಡಿಯಂತೆ ನಿಂತರೆ ಗರಿ ಹೆಚ್ಚಾಗಿದೆಯೆಂದರ್ಥ. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ರಕ್ಷಣೆಯಿರುವುದರಿಂದ ಅಲ್ಲಿ ಗಾಳ ಹಾಕುವಂತಿಲ್ಲ. ಬೇರೆಡೆಯೂ ಮೀನುಗಾರಿಕೆ ಇಲಾಖೆಯ ಅನುಮತಿಯ ಬಗ್ಗೆ ವಿಚಾರಿಸಿಯೇ ಹೊರಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಫ್ಲೈ ಡಬ್ಬಿಯಲ್ಲಿ ಬೇಗ ತುಕ್ಕು ಹಿಡಿಯುವುದರಿಂದ, ಮನೆಗೆ ಬಂದೊಡನೆ ಅದನ್ನು ಗಾಳಿಯಲ್ಲಿ ತೂಗುಹಾಕಿ ಪೂರ್ತಿ ಒಣಗಿದ ಮೇಲೆಯೇ ಒಳಗಿಡಿ.