ರೆಡಿಂಗ್‌ನ ಮನೆ, ಏಪ್ರಿಲ್ 9ರ ಗಡುವು

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮದೊಂದು ಚಿಕ್ಕ ಮನೆ ಬಾಡಿಗೆಗಿದೆ. ಅದರ ಗ್ಯಾಸ್ ಸರ್ಟಿಫಿಕೇಟ್, ಅಂದರೆ ಬಿಸಿನೀರಿನ ಬಾಯ್ಲರ್, ಒಲೆ ಎಲ್ಲ ತಪಾಸಣೆ ಮಾಡಿ ಕೊಡುವ ಸುರಕ್ಷತಾ ಪತ್ರ, 2020ರ ಏಪ್ರಿಲ್ 9ಕ್ಕೆ ಮುಗಿಯುತ್ತಿತ್ತು. ಮಾರ್ಚ್ ಕೊನೆಗೆ ಬರಲು ಎಂಜಿನಿಯರ್‌ಗೆ ಹೇಳಿಟ್ಟಿದ್ದೆ. 23ರ ರಾತ್ರಿ ಲಾಕ್‌ಡೌನ್ ಬಂತು.

ಬಾಡಿಗೆಗಿದ್ದವರು ಎಪ್ಪತ್ತು ದಾಟಿದ, ಶ್ವಾಸಕೋಶದ ಕಾಯಿಲೆಯ ಹೆಂಗಸು. ಹನ್ನೆರಡು ವಾರ ಹೊರಗೆ ಹೋಗಬೇಡಿ ಎಂದು ಅವರಿಗೆ ಸರ್ಕಾರದ ಪತ್ರ ಬಂದಿತ್ತು. "ಬಾಯ್ಲರ್ ಚೆನ್ನಾಗೇ ಇದೆ, ಯಾರನ್ನೂ ಕಳಿಸಬೇಡಿ" ಎಂದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಆದರೆ ಕೊರೊನಾ ಅಂತ ಕಾನೂನು ಬಿಡಲಿಲ್ಲ. 1998ರ ಗ್ಯಾಸ್ ಸುರಕ್ಷತಾ ನಿಯಮದಂತೆ ಬಾಡಿಗೆ ಮನೆಗೆ 12 ತಿಂಗಳಿಗೊಮ್ಮೆ ತಪಾಸಣೆ ಆಗಬೇಕು, ಅದೂ ಗ್ಯಾಸ್ ಎಂಜಿನಿಯರ್‌ಗಳ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರಿಂದಲೇ. ಮನೆಯವರು ಒಳಗೆ ಬಿಡದಿದ್ದರೆ, ನಾವು ಸುಮ್ನೆ ಕೂತಿರಲಿಲ್ಲ ಎಂಬುದಕ್ಕೆ ದಾಖಲೆ ಬೇಕು. ಪ್ರತಿ ಸಲ ಫೋನ್ ಮಾಡಿದ ತಾರೀಖು, ಅವರು ಹೇಳಿದ ಮಾತು ಬರೆದಿಟ್ಟೆ. ಅದನ್ನೇ ಅವರಿಗೆ ಇಮೇಲ್ ಕೂಡ ಮಾಡಿದೆ.

ನಿಜವಾದ ಭಯ ಕಾಗದದ್ದಲ್ಲ. ಬೆಂಗಳೂರಿನಲ್ಲಿ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಸತ್ತವರ ಸುದ್ದಿ ಎಷ್ಟು ಸಲ ಓದಿಲ್ಲ? ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಆದರೆ ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಅದಕ್ಕೇ ಅದನ್ನು ಪತ್ತೆಹಚ್ಚುವ ಒಂದು ಅಲಾರಂ ಅಂಚೆಯಲ್ಲಿ ಕಳಿಸಿದೆ. ಗ್ಯಾಸ್ ಬಾಯ್ಲರ್ ಇರುವ ಕೋಣೆಗೆ ಅದು ಕಡ್ಡಾಯವಾದದ್ದು 2022ರ ಅಕ್ಟೋಬರ್‌ನಲ್ಲಿ, ಆಗ ಇನ್ನೂ ಆಗಿರಲಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಟೆಸ್ಟ್ ಬಟನ್ ಒತ್ತಿಸಿದೆ. ಪೀಂ ಪೀಂ ಎಂದು ಕೇಳಿಸಿದ ಮೇಲೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮೇ ತಿಂಗಳಲ್ಲಿ ಒಳ್ಳೆ ಬಿಸಿಲು. ಎಂಜಿನಿಯರೇ ದಾರಿ ತೋರಿಸಿದರು: "ಅವರು ಹಿತ್ತಲಲ್ಲಿ ಕೂರಲಿ, ನಾನು ಮುಂಬಾಗಿಲಿಂದ ಬರ್ತೀನಿ." ಇದಕ್ಕೆ ಆಕೆ ಒಪ್ಪಿದರು. ಬಾಯ್ಲರ್ ಸುತ್ತಲಿನ ಸಾಮಾನನ್ನು ಹಿಂದಿನ ದಿನವೇ ತೆಗೆದಿಟ್ಟರು. ಕಿಟಕಿಗಳನ್ನೆಲ್ಲ ತೆರೆದರು. ಎಂಜಿನಿಯರ್‌ನ ಗುರುತಿನ ಚೀಟಿಯ ಫೋಟೋ ಎರಡೂ ಬದಿ ಕಳಿಸಿದ್ದೆ. ಯಾವ ಕೆಲಸಕ್ಕೆ ಅರ್ಹತೆ ಇದೆ ಅನ್ನುವುದು ಹಿಂಬದಿಯಲ್ಲಿರುತ್ತದೆ, ಜಾಸ್ತಿ ಜನ ನೋಡುವುದೇ ಇಲ್ಲ. ಆಕೆ ಬಿಡಲಿಲ್ಲ. ಫೋಟೋ ಹೋಲಿಸಬೇಕು, ಕಿಟಕಿಯಾಚೆ ನಿಂತು ಮಾಸ್ಕ್ ಇಳಿಸಿ ಎಂದರಂತೆ!

ಮೀಟರ್ ಹತ್ತಿರ ಸೋರಿಕೆ, ಬಾಯ್ಲರ್‌ನ ಹೊಗೆ ಕೊಳವೆ, ಒಲೆಯ ಉರಿ, ಎಲ್ಲ ಸೇರಿ ನಲವತ್ತು ನಿಮಿಷ. ಒಂದು ಬರ್ನರ್ ಮಾತ್ರ ಹಳದಿಯಾಗಿ ಉರಿಯುತ್ತಿತ್ತು. ಕ್ಲೀನ್ ಮಾಡಿದ ಮೇಲೆ ನೀಲಿಯಾಯಿತು. ಮುಟ್ಟಿದ್ದನ್ನೆಲ್ಲ ಒರೆಸಿ ಹೊರಟರು. ಆಕೆ ಇನ್ನೂ ಒಂದು ಗಂಟೆ ಹಿತ್ತಲಲ್ಲೇ ಇದ್ದರು, ಫ್ಲಾಸ್ಕ್‌ನಲ್ಲಿ ಟೀ ಇಟ್ಟುಕೊಂಡು. ಹೊಸ ಸರ್ಟಿಫಿಕೇಟಿನ ಪ್ರತಿಯನ್ನು ಬಾಡಿಗೆಗಿರುವವರಿಗೆ 28 ದಿನದೊಳಗೆ ಕೊಟ್ಟರೆ ಸಾಕು, ನಾನು ಅವತ್ತೇ ಕಳಿಸಿದೆ.

ನನ್ನದೂ ಒಂದು ತಪ್ಪಿತ್ತು. ಗಡುವಿಗೆ ಎರಡು ತಿಂಗಳು ಮೊದಲೇ ತಪಾಸಣೆ ಮಾಡಿಸಿದರೂ ಮುಂದಿನ ವರ್ಷದ ತಾರೀಖು ಹಾಗೇ ಉಳಿಯುತ್ತದೆ, 2018ರ ಏಪ್ರಿಲ್‌ನಿಂದ ಈ ಅನುಕೂಲ ಇದೆ. ತಿಳಿದಿದ್ದರೆ ಫೆಬ್ರವರಿಯಲ್ಲೇ ಮುಗಿಸಿಬಿಡುತ್ತಿದ್ದೆ. ಈಗ ನಮ್ಮ ಗಡುವು ಮೇ 20. ಎಂಜಿನಿಯರ್ ಬರುವುದು ಮಾರ್ಚ್ ಕೊನೆಗೆ.